ಗಡಿಯೂರಿನಲ್ಲಿ ಮೈತೂಕದ ಚರಿತ್ರೆ

ಗುಮ್ಮಳಾಪುರ ತಮಿಳುನಾಡಿನಲ್ಲಿರುವ ಕನ್ನಡದ ಊರು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ಹೊಸೂರು ಸೀಮೆ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಆಗ ನಮ್ಮದು ಸೇಲಂ ಜಿಲ್ಲೆ. 1965ರಲ್ಲಿ ಧರ್ಮಪುರಿ ಆಯಿತು, 2004ರಲ್ಲಿ ಕೃಷ್ಣಗಿರಿ. ಜಿಲ್ಲೆ ಬದಲಾದರೂ ಮನೆಮಾತು ಬದಲಾಗಲಿಲ್ಲ. ಬದಲಾದದ್ದು ತಟ್ಟೆಯ ಊಟ, ದುಡಿಮೆಯ ರೀತಿ, ಅದರ ಹಿಂದೆಯೇ ಮೈತೂಕ.

ನಮ್ಮದು ಕರಾವಳಿಯಿಂದ ವ್ಯಾಪಾರಕ್ಕೆ ಬಂದ ಬ್ಯಾರಿ ಕುಟುಂಬ. ಉಪ್ಪನಿಗೆ ಇಲ್ಲಿ ದಿನಸಿ ಅಂಗಡಿ. ಈ ಬದಲಾವಣೆಯನ್ನು ನಾನು ಅಂಗಡಿಯಲ್ಲಿ ಕೂತೇ ನೋಡಿದ್ದೇನೆ. ರಾಗಿ ಈ ಕಡೆಯ ಮಳೆ ಬೆಳೆ. ಮೊದಲು ಹೊಲ ಇದ್ದವರು ಮುದ್ದೆಯ ಹಿಟ್ಟಿಗಾಗಿ ಅಂಗಡಿಗೆ ಬರುತ್ತಿರಲಿಲ್ಲ. 2011ರ ಜೂನ್‌ನಿಂದ ರೇಷನ್ ಅಕ್ಕಿ ಪುಕ್ಕಟೆಯಾಯಿತು. ಎಷ್ಟೋ ಮನೆಗಳ ಹಸಿವು ಕಳೆದ ಯೋಜನೆ ಅದು, ಅದನ್ನು ದೂರುವಂತಿಲ್ಲ. ಆದರೆ ಅಕ್ಕಿ ಸುಮ್ಮನೆ ಸಿಗುವಾಗ ರಾಗಿ ಬಿತ್ತಿ, ಬಡಿದು, ಬೀಸಿಸುವ ಮನೆಗಳು ನಮ್ಮ ಸುತ್ತ ಕಡಿಮೆಯಾದವು. ಅಂಗಡಿಯಲ್ಲಿ ಎಣ್ಣೆ ಪ್ಯಾಕೆಟ್, ಮೈದಾ, ಸಕ್ಕರೆ, ಬಿಸ್ಕೆಟ್ ಹೆಚ್ಚು ಹೋಗತೊಡಗಿದವು. ಇತ್ತ ಹೊಸೂರಿನ ಸಿಪ್ಕಾಟ್ ಕಾರ್ಖಾನೆಗಳು ಹೊಲದಲ್ಲಿ ಬೆನ್ನು ಬಗ್ಗಿಸಿದವರ ಮಕ್ಕಳಿಗೆ ಕೆಲಸ ಕೊಟ್ಟವು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ನಾನೂ ಹಾಗೆ ಹೋದವನೇ. ಎಂಟು ಗಂಟೆ ಒಂದೇ ಯಂತ್ರದ ಮುಂದೆ, ನಡುವೆ ಟೀ, ಬಜ್ಜಿ.

ಇದು ನಮ್ಮೊಂದು ಊರಿನ ಕತೆಯಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015–16ರಲ್ಲಿ ತಮಿಳುನಾಡಿನ ಹೆಂಗಸರಲ್ಲಿ ಅತಿತೂಕದವರು ಶೇ. 30.9. 2019–21ರ ಸಮೀಕ್ಷೆಯಲ್ಲಿ ಶೇ. 40.4. ಗಂಡಸರು ಶೇ. 28.2ರಿಂದ 37ಕ್ಕೆ ಏರಿದರು. ಇಡೀ ದೇಶದಲ್ಲಿ ಹೆಂಗಸರ ಪ್ರಮಾಣ ಶೇ. 24 ಮಾತ್ರ. ಈ ಲೆಕ್ಕದಲ್ಲಿ ಅತಿತೂಕ ಎಂದರೆ ಬಿಎಂಐ 25 ಅಥವಾ ಹೆಚ್ಚು, ಅಂದರೆ ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕೆ. ಏಷ್ಯಾದವರಿಗೆ 23ರಿಂದಲೇ ಅಪಾಯ ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲೇ ಹೇಳಿದ್ದಾರೆ. 155 ಸೆಂ.ಮೀ. ಎತ್ತರದ ಹೆಂಗಸಿಗೆ 25 ಎಂದರೆ 60 ಕಿಲೋ, 23 ಎಂದರೆ ಸುಮಾರು 55 ಕಿಲೋ. ಈ ಐದು ಕಿಲೋದ ನಡುವೆ ಇರುವವರನ್ನು ನಮ್ಮಲ್ಲಿ ಯಾರೂ ದಪ್ಪ ಅನ್ನುವುದಿಲ್ಲ. ಗಲ್ಫ್‌ನಿಂದ ಬಂದವನ ಹೊಟ್ಟೆ ಕಂಡರೆ 'ಚೆನ್ನಾಗಿದ್ದಾನೆ' ಅನ್ನುವ ಸಮಾಜ ನಮ್ಮದು.

ಹಾಗಾದರೆ ಸೇವೆ ಎಲ್ಲಿಂದ ಬರಬೇಕು? ಉತ್ತರದ ಅರ್ಧ ಭಾಗ ನಮ್ಮ ಜಿಲ್ಲೆಯಲ್ಲೇ ಇದೆ. 2021ರ ಆಗಸ್ಟ್ 5ರಂದು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ ಶುರು ಮಾಡಿದರು. ಸ್ವಸಹಾಯ ಸಂಘಗಳಿಂದ ಆಯ್ದ ಹೆಂಗಸರು ಮನೆಮನೆಗೆ ಹೋಗಿ ಬಿಪಿ, ಶುಗರ್ ನೋಡುತ್ತಾರೆ, ಮಾತ್ರೆ ಕೊಡುತ್ತಾರೆ. ಏಳಲಾಗದವರಿಗೆ ಫಿಸಿಯೋಥೆರಪಿಯೂ ಮನೆಯಲ್ಲೇ. 2024ರಲ್ಲಿ ಕೆಲಸದ ಜಾಗಗಳಿಗೂ ಇದು ವಿಸ್ತರಿಸಿತು, ಅದೇ ವರ್ಷ ವಿಶ್ವಸಂಸ್ಥೆಯ ಪ್ರಶಸ್ತಿಯೂ ಬಂತು.

ಹೆಸರಿನ ಅರ್ಥ 'ಜನರನ್ನು ಹುಡುಕಿಕೊಂಡು ಬರುವ ವೈದ್ಯಕೀಯ ಸೇವೆ'. ತಮಿಳಿನಲ್ಲಿ ಮಕ್ಕಳ್ ಎಂದರೆ ಜನ. ಕನ್ನಡದ ಕಿವಿಗೆ ಅದು ಚಿಕ್ಕಮಕ್ಕಳ ಔಷಧಿ! ನಮ್ಮ ಉಮ್ಮ ಕೂಡ ಮೊದಲು 'ಅದು ಮಕ್ಕಳಿಗಲ್ವಾ, ನನಗ್ಯಾಕೆ' ಎಂದೇ ಸುಮ್ಮನಿದ್ದರು. ಬಾಗಿಲವರೆಗೆ ಬಂದ ಸೇವೆ ಮಾತಿನ ಹೊಸ್ತಿಲು ದಾಟದಿದ್ದರೆ ಹೀಗಾಗುತ್ತದೆ.

ಬಿಪಿಗೆ ಮಾತ್ರೆ ಕೊಟ್ಟು ಮುಂದಿನ ತಿಂಗಳು ಬರಬಹುದು. ತೂಕದ ವಿಷಯದಲ್ಲಿ ಮಾತು ಬೇಕು, ಅದೂ ಅಡುಗೆಮನೆಯ ಭಾಷೆಯಲ್ಲಿ. 2023ರ ನವೆಂಬರ್‌ನಲ್ಲಿ ಸರ್ಕಾರ ಜಿಲ್ಲೆಗೊಂದರಂತೆ 8 ಕಿ.ಮೀ. ನಡಿಗೆಯ ಹಾದಿ ಗುರುತಿಸಿತು. ಒಳ್ಳೆಯದೇ. ಆದರೆ ಗುಮ್ಮಳಾಪುರದ ಕೂಲಿ ಹೆಂಗಸು ಅಲ್ಲಿಗೆ ಬಸ್ಸು ಹತ್ತಿ ನಡೆಯಲು ಹೋಗುತ್ತಾಳೆಯೇ? ರಾತ್ರಿ ಪಾಳಿ ಮುಗಿಸಿದವನಿಗೆ ಬೆಳಗಿನ ನಡಿಗೆ ಎಂದರೆ ಯಾವ ಹೊತ್ತು? ಬೀದಿಯಲ್ಲಿ ಬಿರುಸಾಗಿ ನಡೆಯಲು ಸಂಕೋಚಪಡುವ ನಮ್ಮ ಹೆಂಗಸರಿಗೆ ಯಾವ ಜಾಗ? ರಂಝಾನ್ ತಿಂಗಳಲ್ಲಿ ಶುಗರ್ ಮಾತ್ರೆ, ಇಫ್ತಾರಿನ ಕರಿದ ತಿಂಡಿ, ಎರಡನ್ನೂ ವೈದ್ಯರ ಮುಂದೆ ಇಡುವವರು ಯಾರು? ಈ ಪ್ರಶ್ನೆಗಳನ್ನು ಮೊದಲೇ ಕೇಳಿ ಕಟ್ಟಿದರೆ ಮಾತ್ರ ಅದು ಎಲ್ಲರ ಸೇವೆ.

ಊಟದ ಮಾತೂ ಹಾಗೆಯೇ. 'ರಾಗಿ ತಿನ್ನಿ' ಅಂದರೆ ಸಾಲದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಪಟ್ಟಿಯಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಬಿಳಿ ಅಕ್ಕಿಯಲ್ಲಿ 356. ದೊಡ್ಡ ಅಂತರವೇನಿಲ್ಲ. ನಾರು ಮಾತ್ರ ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ 3ಕ್ಕೂ ಕಡಿಮೆ. ಹೊಟ್ಟೆ ಬೇಗ ತುಂಬುತ್ತದೆ, ಆದರೆ ಮೂರು ಮುದ್ದೆ ಉಂಡರೆ ತೂಕ ಇಳಿಯದು. 2023ರಲ್ಲಿ ನೀಲಗಿರಿ, ಧರ್ಮಪುರಿ ಜಿಲ್ಲೆಗಳ ರೇಷನ್‌ನಲ್ಲಿ ಅಕ್ಕಿಯ ಬದಲು ತಿಂಗಳಿಗೆ 2 ಕಿಲೋ ರಾಗಿ ಕೊಡಲು ಶುರುಮಾಡಿದರು. ರಾಗಿ ಬೆಳೆಯುವ ನಮ್ಮ ಗಡಿ ಹಳ್ಳಿಗಳಿಗೂ ಅದು ಬೇಕಾದದ್ದೇ.

ಹೊಸದಾಗಿ ದೊಡ್ಡ ಕಟ್ಟಡ ಬೇಡ. ಮನೆಗೆ ಬರುವ ಆ ಕಾರ್ಯಕರ್ತೆಯ ಚೀಲದಲ್ಲಿ ಒಂದು ತೂಕದ ಯಂತ್ರ, ಸೊಂಟ ಅಳೆಯುವ ಒಂದು ಟೇಪು ಇರಲಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಿದರೆ ಎಚ್ಚರಿಕೆ. ಕನ್ನಡ ಬಲ್ಲ ಊರಿನವಳೇ ಆಗಿರಲಿ, ಪಾಳಿಯವರು ಸಿಗುವ ಹೊತ್ತಿಗೆ ಬರಲಿ, ತೂಕವನ್ನು ನಾಲ್ಕು ಜನರ ಮುಂದೆ ಓದದಿರಲಿ. ಮಸೀದಿ ಕಮಿಟಿ, ಮಠ, ಹೆಂಗಸರ ಸಂಘಗಳು ವಾರಕ್ಕೊಮ್ಮೆ ಅಂಗಳ ಬಿಟ್ಟುಕೊಟ್ಟರೆ ನಡೆಯಲು, ಮಾತಾಡಲು ಜಾಗವೂ ಆಯಿತು. ನಮ್ಮ ಜಮಾಅತಿನವರು ಇದನ್ನು ಮುಂದಿನ ಸಭೆಯಲ್ಲಿ ಚರ್ಚೆಗೆ ತೆಗೆದುಕೊಳ್ಳಲಿ.