ಮೈಸೂರಿನ ನವಜಾತ ಶಿಶುಗಳಲ್ಲಿ ಕಡಿಮೆ ಜನನ ತೂಕ

ಹುಟ್ಟಿದಾಗ 2500 ಗ್ರಾಂಗಿಂತ ಕಡಿಮೆ ತೂಗುವ ಶಿಶುವನ್ನು, ಗರ್ಭದಲ್ಲಿ ಎಷ್ಟು ವಾರ ಬೆಳೆದಿತ್ತು ಎಂಬುದನ್ನು ಪರಿಗಣಿಸದೆ, ಕಡಿಮೆ ಜನನ ತೂಕದ ಶಿಶು ಎಂದು ಕರೆಯಲಾಗುತ್ತದೆ. ಕರ್ನಾಟಕದ ಮೈಸೂರು ನಗರವು ಈ ವಿಷಯದಲ್ಲಿ ವೈದ್ಯಕೀಯ ಸಂಶೋಧನೆಯ ಪ್ರಮುಖ ತಾಣಗಳಲ್ಲಿ ಒಂದಾಗಿದೆ. ಮಂಡಿ ಮೊಹಲ್ಲಾದಲ್ಲಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಉಳಿದುಬಂದ ಹೆರಿಗೆ ದಾಖಲೆಗಳ ಆಧಾರದ ಮೇಲೆ, ಹುಟ್ಟಿದಾಗಿನ ತೂಕಕ್ಕೂ ನಡುವಯಸ್ಸಿನ ಹೃದ್ರೋಗ ಹಾಗೂ ಮಧುಮೇಹಕ್ಕೂ ಇರುವ ಸಂಬಂಧವನ್ನು ಇಲ್ಲಿ ಅಧ್ಯಯನ ಮಾಡಲಾಗಿದೆ.

ವ್ಯಾಖ್ಯೆ

2500 ಗ್ರಾಂ ಎಂಬ ಗಡಿಯನ್ನು 20ನೇ ಶತಮಾನದ ಆರಂಭದಲ್ಲಿ ಫಿನ್ಲೆಂಡಿನ ಮಕ್ಕಳ ತಜ್ಞ ಆರ್ವೊ ಇಲ್‌ಪೊ ಬಳಕೆಗೆ ತಂದರು. ಆಗ ಅದು ಅಕಾಲಿಕ ಜನನದ ಗುರುತಾಗಿತ್ತು. ತಿಂಗಳು ತುಂಬಿದ ಮೇಲೆ ಹುಟ್ಟಿಯೂ ಚಿಕ್ಕದಾಗಿರುವ ಮಕ್ಕಳು ಬಹಳ ಇದ್ದಾರೆಂಬುದು ಸ್ಪಷ್ಟವಾದ ನಂತರ, 1961ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು "ಅಕಾಲಿಕ" ಎಂಬ ಪದವನ್ನು ಕೈಬಿಟ್ಟು "ಕಡಿಮೆ ಜನನ ತೂಕ" ಎಂಬುದನ್ನು ಅಂಗೀಕರಿಸಿತು. 1500 ಗ್ರಾಂಗಿಂತ ಕಡಿಮೆ ಇದ್ದರೆ ಅತಿ ಕಡಿಮೆ, 1000 ಗ್ರಾಂಗಿಂತ ಕಡಿಮೆ ಇದ್ದರೆ ಅತ್ಯಂತ ಕಡಿಮೆ ಜನನ ತೂಕವೆಂದು ಪರಿಗಣಿಸಲಾಗುತ್ತದೆ.

ಈ ಒಂದೇ ಸಂಖ್ಯೆಯ ಹಿಂದೆ ಎರಡು ಬೇರೆ ಬೇರೆ ಸ್ಥಿತಿಗಳಿವೆ. ಮೊದಲನೆಯದು 37 ವಾರ ತುಂಬುವ ಮೊದಲೇ ಆಗುವ ಜನನ. ಎರಡನೆಯದು ದಿನ ತುಂಬಿದ್ದರೂ ಗರ್ಭದಲ್ಲಿ ಬೆಳವಣಿಗೆ ಕುಂಠಿತವಾಗಿರುವುದು. ಭಾರತದಲ್ಲಿ ಎರಡನೆಯ ಬಗೆಯ ಶಿಶುಗಳ ಪಾಲು ದೊಡ್ಡದು. ಆದ್ದರಿಂದ ಐರೋಪ್ಯ ಆಸ್ಪತ್ರೆಗಳ ಅನುಭವವನ್ನು ಇಲ್ಲಿಗೆ ಹಾಗೆಯೇ ಅನ್ವಯಿಸುವುದು ಸರಿಯಾಗದು.

ಆಸ್ಪತ್ರೆ ಮತ್ತು ದಾಖಲೆಗಳು

ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು 1906ರಲ್ಲಿ ಆರಂಭವಾಯಿತು. ಮೆಥೋಡಿಸ್ಟ್ ಮಿಷನರಿಗಳು ಕಟ್ಟಿದ್ದರಿಂದ ಊರಿನವರು ಇದನ್ನು ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. 1934ರಿಂದ ಇಲ್ಲಿನ ಹೆರಿಗೆ ದಾಖಲೆಗಳಲ್ಲಿ ಶಿಶುವಿನ ತೂಕವನ್ನಲ್ಲದೆ ಉದ್ದ, ತಲೆಯ ಸುತ್ತಳತೆ, ತಾಯಿಯ ತೂಕ ಮತ್ತು ಸೊಂಟದ ಹೊರ ಅಳತೆಗಳನ್ನೂ ಬರೆದಿಡಲಾಗುತ್ತಿತ್ತು. ಬಹುಪಾಲು ಹೆರಿಗೆಗಳು ಮನೆಯಲ್ಲೇ ಸೂಲಗಿತ್ತಿಯ ಕೈಯಲ್ಲಿ ಆಗುತ್ತಿದ್ದ ಕಾಲದಲ್ಲಿ ಇಂತಹ ದಾಖಲೆ ಅಪರೂಪ. ಬರೆದವರ ಉದ್ದೇಶ ಸಂಶೋಧನೆಯಾಗಿರಲಿಲ್ಲ, ಹೆರಿಗೆಯ ನಿರ್ವಹಣೆಯಾಗಿತ್ತು. ಅರ್ಧ ಶತಮಾನದ ನಂತರ ಅವು ಬೇರೆಯೇ ಕೆಲಸಕ್ಕೆ ಒದಗಿದವು.

1980ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನ ಡೇವಿಡ್ ಬಾರ್ಕರ್ ಮತ್ತು ಸಂಗಡಿಗರು ಹರ್ಟ್‌ಫರ್ಡ್‌ಷೈರ್ ಪ್ರಾಂತ್ಯದ ಹಳೆಯ ಜನನ ದಾಖಲೆಗಳನ್ನು ಪರಿಶೀಲಿಸಿ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗದಿಂದಾಗುವ ಮರಣ ಹೆಚ್ಚು ಎಂದು ವರದಿ ಮಾಡಿದ್ದರು. ಗರ್ಭದಲ್ಲಿ ಆಹಾರ ಸಾಲದಾದಾಗ ಭ್ರೂಣವು ಮಿದುಳನ್ನು ಉಳಿಸಿಕೊಳ್ಳಲು ಇತರ ಅಂಗಗಳ ಬೆಳವಣಿಗೆಯನ್ನು ತಗ್ಗಿಸುತ್ತದೆ ಮತ್ತು ಅದರ ಪರಿಣಾಮ ಜೀವನಪರ್ಯಂತ ಉಳಿಯುತ್ತದೆ ಎಂಬುದು ಅವರ ವಾದ. ಚಿಕ್ಕ ಮಕ್ಕಳು ಹೆಚ್ಚಾಗಿ ಹುಟ್ಟುವ, ಹೃದ್ರೋಗವೂ ವೇಗವಾಗಿ ಏರುತ್ತಿರುವ ಭಾರತದಲ್ಲಿ ಇದನ್ನು ಪರೀಕ್ಷಿಸಲು ಮೈಸೂರಿನ ದಾಖಲೆಗಳು ನೆರವಾದವು.

1996ರ ಅಧ್ಯಯನ

ಆಸ್ಪತ್ರೆಯ ಸುತ್ತಲಿನ ಬಡಾವಣೆಗಳಲ್ಲಿ ಮನೆಮನೆ ಸಮೀಕ್ಷೆ ನಡೆಸಿ, 1934ರಿಂದ 1954ರ ನಡುವೆ ಅಲ್ಲೇ ಹುಟ್ಟಿ, ಇನ್ನೂ ಅಲ್ಲೇ ವಾಸವಾಗಿದ್ದವರನ್ನು ಗುರುತಿಸಲಾಯಿತು. ಅವರಲ್ಲಿ 517 ಮಂದಿಯನ್ನು ಪರೀಕ್ಷಿಸಿದ ಫಲಿತಾಂಶವು 1996ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಕ್ಲಾಡಿಯಾ ಸ್ಟೈನ್, ಕ್ಯಾರೊಲಿನ್ ಫಾಲ್, ಕೆ. ಕುಮಾರನ್, ಬಾರ್ಕರ್ ಮೊದಲಾದವರು ಇದರ ಲೇಖಕರು. 5.5 ಪೌಂಡ್ (2.5 ಕೆ.ಜಿ.) ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ. 11 ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆ ಇತ್ತು. 7 ಪೌಂಡ್ ಹಾಗೂ ಅದಕ್ಕಿಂತ ಹೆಚ್ಚು ತೂಗಿದ್ದವರಲ್ಲಿ ಈ ಪ್ರಮಾಣ ಶೇ. 3 ಮಾತ್ರ. ಕಡಿಮೆ ತೂಕದಲ್ಲಿ ಹುಟ್ಟಿದ್ದಲ್ಲದೆ, ಬಸಿರಿನಲ್ಲಿ ತಾಯಿಯ ತೂಕವೂ 100 ಪೌಂಡ್‌ಗಿಂತ (ಸುಮಾರು 45 ಕೆ.ಜಿ.) ಕಡಿಮೆ ಇದ್ದವರಲ್ಲಿ ಅದು ಶೇ. 20ಕ್ಕೆ ಏರಿತ್ತು.

ಈ ಅಂಕಿಗಳನ್ನು ಉಲ್ಲೇಖಿಸುವಾಗ ಅಧ್ಯಯನದ ಮಿತಿಗಳನ್ನು ಮರೆಯುವುದು ಸಾಮಾನ್ಯ. ಕಾಯಿಲೆ ಕಂಡುಬಂದವರು ಒಟ್ಟು 25 ಪುರುಷರು ಮತ್ತು 27 ಮಹಿಳೆಯರು. ತೂಕದೊಂದಿಗಿನ ಸಂಬಂಧವು ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ದೃಢವಾದದ್ದು 45 ವರ್ಷ ಮೀರಿದವರಲ್ಲಿ ಮಾತ್ರ. ಶೈಶವದಲ್ಲೇ ತೀರಿಹೋದವರು ಮತ್ತು ಊರು ಬಿಟ್ಟುಹೋದವರು ಲೆಕ್ಕಕ್ಕೆ ಬರುವುದಿಲ್ಲ. ಆದರೂ ಇಂಗ್ಲೆಂಡಿನಲ್ಲಿ ಕಂಡ ಒಲವೇ ದಕ್ಷಿಣ ಭಾರತದ ಒಂದು ನಗರದಲ್ಲಿಯೂ ಕಂಡುಬಂದದ್ದು ಗಮನ ಸೆಳೆಯಿತು.

ಮಧುಮೇಹದ ಒಗಟು

1998ರಲ್ಲಿ ಪ್ರಕಟವಾದ ಮುಂದಿನ ವರದಿಯು ನಿರೀಕ್ಷೆಗೆ ವಿರುದ್ಧವಾಗಿತ್ತು. ಬ್ರಿಟನ್ನಿನಲ್ಲಿ ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಮಧುಮೇಹ ಹೆಚ್ಚಾಗಿತ್ತು. ಮೈಸೂರಿನಲ್ಲಿ ಹಾಗಾಗಲಿಲ್ಲ. ಇಲ್ಲಿ ಎರಡನೇ ಬಗೆಯ ಮಧುಮೇಹ ಹೆಚ್ಚಾಗಿ ಕಂಡದ್ದು ಹುಟ್ಟಿದಾಗ ಗಿಡ್ಡವಾಗಿ, ಉದ್ದಕ್ಕೆ ಹೋಲಿಸಿದರೆ ದಪ್ಪವಾಗಿದ್ದವರಲ್ಲಿ ಮತ್ತು ತಾಯಿ ಸರಾಸರಿಗಿಂತ ಹೆಚ್ಚು ತೂಗುತ್ತಿದ್ದವರಲ್ಲಿ. ಆ ತಾಯಂದಿರಿಗೆ ಬಸಿರಿನಲ್ಲಿ ಪತ್ತೆಯಾಗದ ಸಕ್ಕರೆ ಕಾಯಿಲೆ ಇದ್ದಿರಬಹುದೆಂದು ಸಂಶೋಧಕರು ಊಹಿಸಿದರು.

ಅದನ್ನು ಪರೀಕ್ಷಿಸಲು 1997–98ರಲ್ಲಿ ಅದೇ ಆಸ್ಪತ್ರೆಯ ಗರ್ಭಿಣಿಯರನ್ನು ನೋಂದಾಯಿಸಿಕೊಂಡು ಪಾರ್ಥೆನಾನ್ ಅಧ್ಯಯನವನ್ನು ಕೈಗೊಳ್ಳಲಾಯಿತು. ಪರೀಕ್ಷೆಗೊಳಗಾದ ಗರ್ಭಿಣಿಯರಲ್ಲಿ ಸುಮಾರು ಶೇ. 6 ಮಂದಿಗೆ ಗರ್ಭಾವಸ್ಥೆಯ ಮಧುಮೇಹ ಇತ್ತು. ಜಿ. ವಿ. ಕೃಷ್ಣವೇಣಿ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಇದೇ ಗುಂಪಿನ ಶೇ. 43 ಮಹಿಳೆಯರಲ್ಲಿ ಬಿ12 ಜೀವಸತ್ವದ ಕೊರತೆ ಇತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು 2006ರಲ್ಲಿ ಇದೇ ಜೀವಸತ್ವದ ಕೊರತೆಯನ್ನು ಗರ್ಭದಲ್ಲಿನ ಬೆಳವಣಿಗೆಯ ಕುಂಠಿತಕ್ಕೆ ಸಂಬಂಧಿಸಿದ್ದರು.

ಮೈಸೂರಿನ ಶಿಶುಗಳನ್ನು ಬ್ರಿಟಿಷ್ ಶಿಶುಗಳೊಂದಿಗೆ ಹೋಲಿಸಿದಾಗ ಅವು ಎಲ್ಲ ಅಳತೆಗಳಲ್ಲಿಯೂ ಸಮನಾಗಿ ಚಿಕ್ಕವಾಗಿರಲಿಲ್ಲ. ಸ್ನಾಯು ಕಡಿಮೆ, ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಹೆಚ್ಚುಕಡಿಮೆ ಉಳಿದುಕೊಂಡಿತ್ತು. ಪುಣೆಯ ಹಳ್ಳಿಗಳಲ್ಲಿ ಚಿತ್ತರಂಜನ್ ಯಾಜ್ಞಿಕ್ ಕೂಡ ಇದನ್ನೇ ಕಂಡು "ತೆಳು-ಕೊಬ್ಬಿನ ಶಿಶು" ಎಂಬ ಕಲ್ಪನೆಯನ್ನು ಮಂಡಿಸಿದ್ದರು. ತಕ್ಕಡಿ ತೋರಿಸುವ ಸಂಖ್ಯೆಯೊಂದರಿಂದಲೇ ಶಿಶುವಿನ ದೇಹರಚನೆ ತಿಳಿಯುವುದಿಲ್ಲ ಎಂಬುದು ಈ ಅಧ್ಯಯನಗಳಿಂದ ತಿಳಿದುಬರುವ ಮುಖ್ಯ ಅಂಶ.

ಕಾರಣಗಳು

ತಾಯಿಯ ಗಿಡ್ಡ ನಿಲುವು, ಬಸಿರಿಗೆ ಮುಂಚಿನ ಕಡಿಮೆ ತೂಕ, ರಕ್ತಹೀನತೆ, ಚಿಕ್ಕ ವಯಸ್ಸಿನ ಬಸಿರು, ಹೆರಿಗೆಗಳ ನಡುವೆ ಅಂತರವಿಲ್ಲದಿರುವುದು, ಅಧಿಕ ರಕ್ತದೊತ್ತಡ, ಸೋಂಕುಗಳು, ಅವಳಿ ಬಸಿರು, ಸೌದೆ ಒಲೆಯ ಹೊಗೆ, ಹೊಗೆಸೊಪ್ಪಿನ ಬಳಕೆ ಇವು ಸಾಮಾನ್ಯವಾಗಿ ಗುರುತಿಸಲಾದ ಕಾರಣಗಳು. ಇವುಗಳಲ್ಲಿ ಹಲವು ಬಸಿರು ನಿಲ್ಲುವ ಮೊದಲೇ ಆರಂಭವಾಗಿರುತ್ತವೆ. ಸ್ವತಃ ಕಡಿಮೆ ತೂಕದಲ್ಲಿ ಹುಟ್ಟಿ ಗಿಡ್ಡವಾಗಿಯೇ ಬೆಳೆದ ಹೆಣ್ಣುಮಗುವಿಗೆ ಮುಂದೆ ಚಿಕ್ಕ ಮಗು ಹುಟ್ಟುವ ಸಂಭವ ಹೆಚ್ಚು. ಬಸಿರಿನ ಕೊನೆಯ ತಿಂಗಳುಗಳಲ್ಲಿ ಮಾತ್ರ ಕೊಡುವ ಪೌಷ್ಟಿಕ ಆಹಾರದಿಂದ ಜನನ ತೂಕ ಅಷ್ಟಾಗಿ ಏರದಿರಲು ಇದೂ ಒಂದು ಕಾರಣ.

ಆಹಾರದ ಬಗೆಗಿನ ನಂಬಿಕೆಗಳೂ ಇಲ್ಲಿ ಪರಿಣಾಮ ಬೀರುತ್ತವೆ. ಹೊಟ್ಟೆ ತುಂಬ ಉಂಡರೆ ಕೂಸಿಗೆ ಜಾಗ ಸಾಲದು, ಮಗು ದಪ್ಪವಾದರೆ ಹೆರಿಗೆ ಕಷ್ಟ, ಪಪ್ಪಾಯಿಯಂತಹ ಉಷ್ಣ ಪದಾರ್ಥ ತಿಂದರೆ ಗರ್ಭ ಇಳಿದುಹೋಗುತ್ತದೆ ಎಂಬ ಮಾತುಗಳು ದಕ್ಷಿಣ ಭಾರತದ ಹಳ್ಳಿಗಳಲ್ಲಿ ವ್ಯಾಪಕ. ಹೆರಿಗೆಯಲ್ಲಿ ತಾಯಿ ಸಾಯುವುದು ಸಾಮಾನ್ಯವಾಗಿದ್ದ, ಶಸ್ತ್ರಚಿಕಿತ್ಸೆ ಕೈಗೆಟುಕದಿದ್ದ ದಿನಗಳಲ್ಲಿ ಸಣ್ಣ ಮಗುವನ್ನು ಬಯಸುವುದಕ್ಕೆ ತಕ್ಕ ಕಾರಣವಿತ್ತು. ಆದ್ದರಿಂದ ಇದನ್ನು ಬರಿಯ ಅಜ್ಞಾನವೆಂದು ತಳ್ಳಿಹಾಕಲಾಗದು. ಅದೇ ಸಮಾಜದಲ್ಲಿ ಬಸುರಿಯ ಬಯಕೆ ತೀರಿಸುವ ಪದ್ಧತಿಯೂ ಇದೆ. ಆದರೆ ಸೀಮಂತದ ಒಂದೆರಡು ದಿನಗಳ ಊಟ ಉಳಿದ ತಿಂಗಳುಗಳ ಕೊರತೆಯನ್ನು ತುಂಬುವುದಿಲ್ಲ.

ಅಂಕಿಅಂಶ ಮತ್ತು ತೂಕ ಮಾಡುವ ಸಮಸ್ಯೆ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ ತೂಕ ಮಾಡಲಾದ ಶಿಶುಗಳಲ್ಲಿ ಸುಮಾರು ಶೇ. 18ರಷ್ಟು 2500 ಗ್ರಾಂಗಿಂತ ಕಡಿಮೆ ಇದ್ದವು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2020ಕ್ಕೆ ಮಾಡಿದ ಅಂದಾಜು ಶೇ. 27ಕ್ಕೂ ಹೆಚ್ಚು. ಈ ಅಂತರಕ್ಕೆ ಮುಖ್ಯ ಕಾರಣ ಅಳತೆಯ ದೋಷ. ಆಸ್ಪತ್ರೆಯ ದಾಖಲೆಗಳಲ್ಲಿ 2400 ಅಥವಾ 2600ಕ್ಕಿಂತ ಸರಿಯಾಗಿ 2500 ಎಂಬ ಸಂಖ್ಯೆ ಬಹಳ ಹೆಚ್ಚಾಗಿ ಕಾಣುತ್ತದೆ. 2460 ಗ್ರಾಂ ತೂಗಿದ ಮಗುವನ್ನು ಎರಡೂವರೆ ಕಿಲೋ ಎಂದು ಬರೆದಾಗ ಅದು ಕಡಿಮೆ ತೂಕದ ಪಟ್ಟಿಯಿಂದ ಹೊರಗುಳಿಯುತ್ತದೆ, ಅದಕ್ಕೆ ಸಲ್ಲಬೇಕಾದ ಹೆಚ್ಚುವರಿ ನಿಗಾ ತಪ್ಪುತ್ತದೆ. ಅಂತರರಾಷ್ಟ್ರೀಯ ಅಂದಾಜುಗಳು ಈ ಜಮಾವಣೆಯನ್ನು ಸರಿಪಡಿಸಿ ಲೆಕ್ಕ ಹಾಕುತ್ತವೆ. 2005–06ರ ಸಮೀಕ್ಷೆಯ ವೇಳೆಗೆ ದೇಶದಲ್ಲಿ ಹುಟ್ಟಿದಾಗ ತೂಕ ಮಾಡಲಾದ ಶಿಶುಗಳು ಮೂರನೇ ಒಂದು ಭಾಗದಷ್ಟೇ ಆಗಿದ್ದುದರಿಂದ ಹಳೆಯ ಅಂಕಿಗಳೊಂದಿಗಿನ ಹೋಲಿಕೆಯೂ ಸುಲಭವಲ್ಲ.

ಆರೈಕೆ

ಕಡಿಮೆ ತೂಕದ ಶಿಶುವಿಗೆ ಮೊದಲ ದಿನಗಳಲ್ಲಿ ಇರುವ ಅಪಾಯಗಳು ಮೈ ತಣ್ಣಗಾಗುವುದು, ರಕ್ತದಲ್ಲಿ ಸಕ್ಕರೆಯ ಅಂಶ ಕುಸಿಯುವುದು, ಸೋಂಕು, ಮತ್ತು ಎದೆಹಾಲು ಚೀಪಲು ಶಕ್ತಿ ಸಾಲದಿರುವುದು. ಹುಟ್ಟಿದ ಕೂಡಲೇ ಮಗುವಿಗೆ ಎಣ್ಣೆನೀರು ಹಾಕುವ ರೂಢಿ ಇಂತಹ ಶಿಶುಗಳಿಗೆ ವಿಶೇಷವಾಗಿ ಹಾನಿಕರ. 1800 ಗ್ರಾಂಗಿಂತ ಕಡಿಮೆ ಇರುವ ಶಿಶುಗಳನ್ನು ಸರ್ಕಾರಿ ಆಸ್ಪತ್ರೆಗಳ ನವಜಾತ ಶಿಶು ವಿಶೇಷ ಆರೈಕಾ ಘಟಕಕ್ಕೆ ದಾಖಲಿಸಿಕೊಳ್ಳಲಾಗುತ್ತದೆ. ಮನೆಗೆ ಹೋದ ಮೇಲೆ ಆಶಾ ಕಾರ್ಯಕರ್ತೆಯರು ನಿಗದಿತ ದಿನಗಳಲ್ಲಿ ಭೇಟಿ ನೀಡಿ ತೂಕ ನೋಡುತ್ತಾರೆ.

ಕರ್ನಾಟಕ ಸರ್ಕಾರವು 2017ರ ಅಕ್ಟೋಬರ್ 2ರಂದು ಆರಂಭಿಸಿದ ಮಾತೃಪೂರ್ಣ ಯೋಜನೆಯಡಿ ಗರ್ಭಿಣಿಯರು ಮತ್ತು ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ನೀಡಲಾಗುತ್ತದೆ. ದೂರ, ಕೂಲಿಯ ವೇಳೆ ಮತ್ತು ಬಾಣಂತಿ ಹೊಸಿಲು ದಾಟಬಾರದೆಂಬ ಕಟ್ಟುಪಾಡುಗಳಿಂದಾಗಿ ಹಲವೆಡೆ ಹಾಜರಾತಿ ಕಡಿಮೆ ಇತ್ತು.

ಶಿಶುವನ್ನು ತಾಯಿಯ ಬರಿ ಎದೆಗೆ ಒರಗಿಸಿ ಬೆಚ್ಚಗಿಡುವ ಕಾಂಗರೂ ಆರೈಕೆಯು 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ, ಇನ್‌ಕ್ಯುಬೇಟರ್‌ಗಳ ಕೊರತೆಯಿಂದಾಗಿ ರೂಪುಗೊಂಡಿತು. ದೆಹಲಿಯೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 1000ದಿಂದ 1799 ಗ್ರಾಂ ತೂಕದ ಶಿಶುಗಳಿಗೆ ಹುಟ್ಟಿದ ಕೂಡಲೇ ಈ ಆರೈಕೆ ಆರಂಭಿಸಿದಾಗ 28 ದಿನಗಳೊಳಗಿನ ಮರಣ ಶೇ. 15.7ರಿಂದ ಶೇ. 12ಕ್ಕೆ ಇಳಿಯಿತು. ಕರ್ನಾಟಕದಲ್ಲಿ ಈ ಕ್ರಮವನ್ನು ಜಿಲ್ಲೆಯೊಂದರ ಮಟ್ಟದಲ್ಲಿ ವಿಸ್ತರಿಸುವ ಸಂಶೋಧನೆಗೆ ಕೊಪ್ಪಳವನ್ನು ಆರಿಸಿಕೊಳ್ಳಲಾಗಿತ್ತು.