ಜಾವಾ ಯಂತ್ರದ ಗೃಹಚಿಕಿತ್ಸೆ

ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯು 1961ನೆಯ ಇಸವಿಯಲ್ಲಿ ಮೋಟಾರು ಸೈಕಲ್ಲುಗಳನ್ನು ತಯಾರಿಸತೊಡಗಿ, 1996ರಲ್ಲಿ ಬಾಗಿಲು ಮುಚ್ಚಿತು. ಈ ಮೂವತ್ತೈದು ವರ್ಷಗಳ ಚರಿತ್ರೆಯನ್ನು ಬಲ್ಲವರು ಅನೇಕರಿರುವರು. ಅದರ ಅನಂತರದ ಚರಿತ್ರೆಯಾದರೋ ಕಾರ್ಖಾನೆಯಲ್ಲಿ ನಡೆದುದಲ್ಲ; ಮನೆಗಳಲ್ಲಿ ನಡೆದುದು. ಬೆಂಗಳೂರಿನ ಉತ್ತರಭಾಗದಲ್ಲಿ, ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳ ಜಗಲಿಗಳಲ್ಲಿಯೂ ಮಹಡಿಮೆಟ್ಟಿಲುಗಳ ಕೆಳಗಿನ ಇಕ್ಕಟ್ಟಿನಲ್ಲಿಯೂ ಅದು ಇಂದಿಗೂ ನಡೆಯುತ್ತಿರುವುದು. ತಯಾರಿಸಿದವರು ಇಲ್ಲವಾದ ಮೇಲೆ ಯಂತ್ರವನ್ನು ಉಳಿಸಿಕೊಳ್ಳುವ ಭಾರವು ಒಡೆಯನ ಮೇಲೆಯೇ ಬೀಳುವುದಷ್ಟೆ. ಆಗ ಒದಗುವ ವಿಘ್ನಗಳಲ್ಲಿ ಯಂತ್ರದವು ಎಷ್ಟು, ಒಡೆಯನವು ಎಷ್ಟು ಎಂಬುದು ವಿಚಾರಾರ್ಹವಾದ ವಿಷಯ.

ಜಾವಾ ಎಂಬ ಹೆಸರನ್ನು ಕೇಳಿದೊಡನೆ ಸಂಸ್ಕೃತಜ್ಞರಿಗೆ ‘ಜವ’ವೆಂದರೆ ವೇಗವೆಂಬುದೂ, ಹಳಗನ್ನಡ ಬಲ್ಲವರಿಗೆ ‘ಜವ’ನೆಂದರೆ ಯಮನೆಂಬುದೂ ನೆನಪಿಗೆ ಬರುವುದು ಸಹಜ. ಮೋಟಾರು ಸೈಕಲ್ಲಿಗೆ ಎರಡು ಅರ್ಥಗಳೂ ಒಪ್ಪದೆ ಇಲ್ಲ! ಆದರೆ ನಿಜವಾದ ವ್ಯುತ್ಪತ್ತಿ ಬೇರೆ. ಚೆಕೊಸ್ಲೊವಾಕಿಯದ ಯಾನೆಚೆಕ್ ಎಂಬಾತನು 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರು ಸೈಕಲ್ ನಿರ್ಮಾಣದ ಹಕ್ಕನ್ನು ಕೊಂಡು, ಎರಡು ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿದನು. ಆ ಗಾಡಿಯನ್ನು ನಮ್ಮ ದೇಶಕ್ಕೆ ತರಿಸಿ ಮಾರುತ್ತಿದ್ದ ರುಸ್ತುಂ ಇರಾನಿ, ಫಾರೂಖ್ ಇರಾನಿಯವರು, ಆಮದಿಗೆ ಅಡ್ಡಿ ಬಂದಾಗ ಮೈಸೂರಿನಲ್ಲಿಯೇ ಅದನ್ನು ತಯಾರಿಸಲು ಹೊರಟರು. ಆಗ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜೇಂದ್ರ ಒಡೆಯರು ಕಾರ್ಖಾನೆಯನ್ನು ಉದ್ಘಾಟಿಸಿದರು. 1970ರ ದಶಕದಲ್ಲಿ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. ಹೆಸರು ಬದಲಾದರೂ ಯಂತ್ರದ ಮರ್ಮ ಬದಲಾಗಲಿಲ್ಲ.

ಆ ಮರ್ಮವನ್ನು ತಿಳಿಯದೆ ವಿಘ್ನಗಳ ವಿಚಾರ ತಿಳಿಯದು. ಇದು ಎರಡು ಹೊಡೆತದ ಯಂತ್ರ. ಸಿಲಿಂಡರ್ ಒಂದೇ, ಹೊಗೆಗೊಳವೆಗಳು ಎರಡು. ಸಿಲಿಂಡರಿನ ಒಳವ್ಯಾಸ 65 ಮಿಲಿಮೀಟರ್, ಪಿಸ್ಟನ್ನಿನ ನಡೆ 75 ಮಿಲಿಮೀಟರ್. ಪೆಟ್ರೋಲಿನಲ್ಲಿಯೇ ಎಣ್ಣೆಯನ್ನು ಬೆರೆಸಿ ಹಾಕಬೇಕು. ಗಾಳಿಯೊಡನೆ ಕೂಡಿದ ಆ ಮಿಶ್ರಣವು ನೇರವಾಗಿ ಸಿಲಿಂಡರಿಗೆ ಹೋಗದೆ, ಮೊದಲು ಕೆಳಗಿನ ಕ್ರ್ಯಾಂಕ್ ಕೋಣೆಗೆ ಇಳಿದು, ಅಲ್ಲಿ ಪಿಸ್ಟನ್ನಿನ ಒತ್ತಡಕ್ಕೆ ಸಿಕ್ಕಿ, ಪಕ್ಕದ ಕಿಂಡಿಗಳಿಂದ ಮೇಲಕ್ಕೆ ಏರುವುದು. ಆದುದರಿಂದ ಈ ಯಂತ್ರದಲ್ಲಿ ಮೇಲಿನ ಕೋಣೆಯಷ್ಟೇ ಕೆಳಗಿನ ಕೋಣೆಯೂ ಗಾಳಿ ಸೋರದಂತೆ ಇರಬೇಕು. ಮನೆಯ ರಿಪೇರಿಯು ಕೆಟ್ಟುಹೋದ ಕಥೆಗಳಲ್ಲಿ ಬಹುಪಾಲು ಈ ಒಂದು ಮಾತನ್ನು ಮರೆತುದರಿಂದ ಹುಟ್ಟಿದವು.

ಕೈಚಳಕಕ್ಕೆ ಈ ಸೀಮೆಯಲ್ಲಿ ಎಂದೂ ಬರವಿರಲಿಲ್ಲ. ಜಾಲಹಳ್ಳಿಯಲ್ಲಿ 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯೂ ಮರುವರ್ಷ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಹುಟ್ಟಿದುವು. 1970ರ ದಶಕದಿಂದ ಪೀಣ್ಯವು ಲೇತ್ ಯಂತ್ರಗಳ ಊರೇ ಆಯಿತು. ಸ್ಪ್ಯಾನರ್ ಹಿಡಿಯಬಲ್ಲವರು ಬೀದಿಗೆ ಒಬ್ಬರಿದ್ದರು. 1996ರ ಅನಂತರ ಕೊರತೆಯಾದುದು ಕಾರ್ಖಾನೆಯ ಅಸಲು ಬಿಡಿಭಾಗಗಳು, ಕ್ಲಚ್ಚನ್ನೂ ಡೈನಮೋವನ್ನೂ ಕೀಳುವ ವಿಶೇಷ ಸಲಕರಣೆಗಳು, ಎಲ್ಲಕ್ಕಿಂತ ಮಿಗಿಲಾಗಿ ಬಿಚ್ಚುವ ಕ್ರಮವನ್ನು ಬಲ್ಲವರ ಉಪದೇಶ. ಮೂಲಗ್ರಂಥ ಉಳಿದು ವ್ಯಾಖ್ಯಾನ ನಷ್ಟವಾದಾಗ ಓದುವವನ ಪಾಡೇನೋ, ಇಲ್ಲಿಯೂ ಅದೇ ಪಾಡು.

ಮೊದಲ ತಪ್ಪು ಬಿಚ್ಚುವುದರಲ್ಲಿಯಲ್ಲ, ಬಿಚ್ಚಬೇಕೆಂದು ನಿಶ್ಚಯಿಸುವುದರಲ್ಲಿ. ಕಿಕ್ಕರ್ ಒದ್ದರೂ ಗಾಡಿ ಏಳದಿದ್ದರೆ ಪ್ಲಗ್ಗನ್ನು ತೆಗೆದು ನೋಡಬೇಕು. ಒದ್ದೆಯಾಗಿದ್ದರೆ ಪೆಟ್ರೋಲು ಬರುತ್ತಿದೆ, ಕಿಡಿಯನ್ನು ಶಂಕಿಸಬೇಕು. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಕಿಡಿಯ ದೋಷವು ಹಲವು ವೇಳೆ 0.4 ಮಿಲಿಮೀಟರ್ ಅಂತರವಿರಬೇಕಾದ ಪಾಯಿಂಟುಗಳಿಗೆ ಕಿಲುಬು ಹಿಡಿದುದು, ಇಲ್ಲವೆ 6 ವೋಲ್ಟಿನ ಬ್ಯಾಟರಿ ಸೊರಗಿದುದು, ಇಷ್ಟೇ ಆಗಿರುವುದು. ಪೆಟ್ರೋಲಿನಲ್ಲಿ ಎಥನಾಲ್ ಹೆಚ್ಚಾದ ಈಚಿನ ವರ್ಷಗಳಲ್ಲಿ, ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯ ಟ್ಯಾಂಕು ನೀರೆಳೆದು, ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳು ಕಟ್ಟಿಕೊಳ್ಳುವುದೂ ಉಂಟು. ಇವುಗಳಲ್ಲಿ ಯಾವುದಕ್ಕೂ ಎಂಜಿನ್ನನ್ನು ಇಳಿಸಬೇಕಾಗಿಲ್ಲ. ಆದರೆ ಭಾನುವಾರದ ಬೆಳಗಿನ ಉತ್ಸಾಹವು ಪ್ಲಗ್ಗನ್ನು ಒರೆಸುವಷ್ಟಕ್ಕೆ ತೃಪ್ತಿಪಡುವುದಿಲ್ಲ.

ಹೊಗೆಯ ವಿಷಯವೂ ಹೀಗೆಯೇ. ಬೆಟ್ಟದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಹಳೆಯ ಉದಾಹರಣೆ. ಗಾಡಿಯು ಬಿಳಿಹೊಗೆಯನ್ನು ಉಗುಳುವುದನ್ನು ಕಂಡು ಪಿಸ್ಟನ್ ಸವೆಯಿತೆಂದು ಊಹಿಸುವುದು ಮಾತ್ರ ಅನೈಕಾಂತಿಕ ಹೇತು. ಪೆಟ್ರೋಲಿಗೆ ಎಣ್ಣೆ ಹೆಚ್ಚಾಗಿ ಬಿದ್ದರೂ ಹೊಗೆ. ಹೊಗೆಗೊಳವೆಯಲ್ಲಿ ಹಳೆಯ ಎಣ್ಣೆ ನಿಂತಿದ್ದರೂ ಹೊಗೆ. ಎಡಗಡೆಯ ಆಯಿಲ್ ಸೀಲು ಸವೆದು ಗೇರುಪೆಟ್ಟಿಗೆಯ ಎಣ್ಣೆಯನ್ನು ಕ್ರ್ಯಾಂಕ್ ಕೋಣೆಯು ಹೀರಿಕೊಂಡರೂ ಹೊಗೆ. ಗೇರುಪೆಟ್ಟಿಗೆಯ ಎಣ್ಣೆ ದಿನದಿನಕ್ಕೆ ಇಳಿಯುತ್ತಿದೆಯೆ ಎಂದು ಅಳೆದು ನೋಡಿದರೆ ಮೂರನೆಯ ಕಾರಣವು ನಿರ್ಣಯವಾಗುವುದು. ಅಳೆಯದವನು ಹೊಸ ಪಿಸ್ಟನ್ ಹಾಕಿಸಿ, ಹಣ ತೆತ್ತು, ಅದೇ ಹೊಗೆಯನ್ನು ಮತ್ತೆ ನೋಡುವನು.

ಬಿಚ್ಚಲೇಬೇಕಾಗಿ ಬಂದಾಗ ಹೊಗೆಗೊಳವೆಯ ನಟ್ಟು ಮೊದಲು ತಡೆಯುವುದು. ಮಸಿ ಕಚ್ಚಿ ಗಟ್ಟಿಯಾದ ಅದನ್ನು ಉಳಿ ಸುತ್ತಿಗೆಗಳಿಂದ ಹೊಡೆದರೆ ನಟ್ಟಿನ ರೆಕ್ಕೆಗಳು ಮುರಿಯುವುವು, ಇಲ್ಲವೆ ಸಿಲಿಂಡರಿನ ಮರೆಯೇ ಹಾಳಾಗುವುದು. ಎಣ್ಣೆ ಬಿಟ್ಟು ಒಂದು ರಾತ್ರಿ ಕಾದು, ಕೊಕ್ಕೆಯ ಸ್ಪ್ಯಾನರಿನಿಂದ ತಿರುಗಿಸುವವನಿಗೆ ಅದು ಬಾಗುವುದು. ಸ್ಕ್ರೂಗಳಲ್ಲಿ ಉದ್ದವಾದವೂ ಗಿಡ್ಡವಾದವೂ ಇರುವುದರಿಂದ, ಒಂದರ ಜಾಗಕ್ಕೆ ಇನ್ನೊಂದನ್ನು ಬಿಗಿದರೆ ಅಲ್ಯೂಮಿನಿಯಂ ಕವಚವು ಸೀಳುವುದು. ಹಳೆಯ ಇಡ್ಲಿತಟ್ಟೆಯ ಗುಳಿಗಳಲ್ಲಿ ಬಿಚ್ಚಿದ ಕ್ರಮದಲ್ಲಿಯೇ ಅವನ್ನು ಇಡುವುದು ಅಗ್ಗವಾದ ಉಪಾಯ. ಅಡುಗೆಮನೆಯವರ ಒಪ್ಪಿಗೆ ಇದ್ದರೆ ಸರಿ.

ಇವೆಲ್ಲಕ್ಕಿಂತ ಎದೆಗುಂದಿಸುವುದು ಪಿಸ್ಟನ್ ಕಡ್ಡಿಯನ್ನು ಹಿಡಿದಿಡುವ ಪುಟ್ಟ ಉಕ್ಕಿನ ಬಳೆ. ಇಕ್ಕುಳದಿಂದ ಅದನ್ನು ಕೀಳುವಾಗ ಚಿಮ್ಮಿ ಕೆಳಗಿನ ಕೋಣೆಗೆ ಬೀಳುವುದು. ಬಾಯಿಗೆ ಮೊದಲೇ ಬಟ್ಟೆ ತುರುಕದಿದ್ದವರಿಗೆ ಪದೇ ಪದೇ ಒದಗಿದ ಸಂಕಟವಿದು. ಆಗ ಕ್ರ್ಯಾಂಕನ್ನು ತಿರುಗಿಸಿ ನೋಡುವ ಚಪಲವು ಬರುವುದು. ತಿರುಗಿಸಿದರೆ ಬಳೆಯು ಚಕ್ರಗಳ ನಡುವೆ ಸಿಕ್ಕಿ ಕವಚವನ್ನು ಗೀರುವುದು. ಕೈಯನ್ನು ಹಿಂದಕ್ಕೆ ತೆಗೆದು, ದಾರಕ್ಕೆ ಅಯಸ್ಕಾಂತವನ್ನು ಕಟ್ಟಿ ಇಳಿಬಿಡಬೇಕು. ಅದೂ ಸೋತರೆ ಎಂಜಿನ್ನನ್ನು ಇಳಿಸಿ ತಲೆಕೆಳಗಾಗಿ ಅಲ್ಲಾಡಿಸಬೇಕು. ಕವಚವನ್ನು ಎರಡಾಗಿ ಬಿಡಿಸುವುದು ಕಟ್ಟಕಡೆಯ ಮಾತು. ಏಕೆಂದರೆ ಅದರ ಎರಡು ಹೋಳುಗಳನ್ನು ಕಾರ್ಖಾನೆಯಲ್ಲಿ ಜೋಡಿಯಾಗಿಯೇ ಕೊರೆದಿರುವರು. ಒಂದು ಹೋಳು ಕೆಟ್ಟರೆ ಬೇರೊಂದು ಗಾಡಿಯ ಹೋಳು ಅದಕ್ಕೆ ಸರಿಹೊಂದುವುದು ಅಪರೂಪ. ಸ್ಕ್ರೂಡ್ರೈವರನ್ನು ಸಂದಿಗೆ ತೂರಿಸಿ ಮೀಟಿದವರು ಕೂಡುವ ಮುಖದ ಮೇಲೆ ಕೂದಲೆಳೆಯಷ್ಟು ಗೀರು ಬಿಟ್ಟರೂ ಅಲ್ಲಿಂದ ಗಾಳಿ ಒಳಹೋಗುವುದು. ತಂದೆಯು ಇಪ್ಪತ್ತು ವರ್ಷ ಓಡಿಸಿದ ಗಾಡಿಯು ಮಗನ ಒಂದು ಮೀಟಿನಿಂದ ಮೂಲೆ ಸೇರುವುದು ಹೀಗೆ.

ಜೋಡಿಸಿ ಓಡಿಸಿದ ಮೇಲೆಯೂ ಅಪಾಯವು ತಪ್ಪಿದುದಲ್ಲ. ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳ ಯಲಹಂಕಗಳನ್ನು ದಾಟಿದರೆ ನಂದಿಬೆಟ್ಟದ ಹಾದಿ ಹತ್ತಿರ. 1478 ಮೀಟರ್ ಎತ್ತರದ ಆ ಬೆಟ್ಟವು ಹೊಸ ಪಿಸ್ಟನ್ ಹಾಕಿದವನನ್ನು ಕೈಬೀಸಿ ಕರೆಯುವುದು. ಅಲ್ಯೂಮಿನಿಯಂ ಪಿಸ್ಟನ್ನು ಎರಕದ ಕಬ್ಬಿಣದ ಸಿಲಿಂಡರಿಗಿಂತ ಹೆಚ್ಚಾಗಿ ಹಿಗ್ಗುವುದರಿಂದ, ಪಳಗದ ಯಂತ್ರವು ಏರಿನಲ್ಲಿ ಕಾದು, ಕಚ್ಚಿಕೊಂಡು, ಹಿಂದಿನ ಚಕ್ರವನ್ನೇ ಹಿಡಿದು ನಿಲ್ಲಿಸುವುದು. ತತ್‌ಕ್ಷಣ ಕ್ಲಚ್ಚನ್ನು ಒತ್ತಿದವನು ಬೀಳದೆ ಉಳಿಯುವನು. ಸಿಲಿಂಡರಿನಲ್ಲಿ ಆಳವಾದ ಗೀರುಗಳು ಉಳಿಯುವುವು.

ಗೀರಿದ ಸಿಲಿಂಡರನ್ನು ಕೊರೆಯಿಸಿ ಒಂದು ಅಳತೆ ದೊಡ್ಡದಾದ ಪಿಸ್ಟನ್ ಹಾಕುವುದು ರೂಢಿ. ಪ್ರತಿಸಲವೂ ಕಾಲು ಅಥವಾ ಅರ್ಧ ಮಿಲಿಮೀಟರ್ ಕಬ್ಬಿಣವು ಹೋಗುವುದು, ಹೋದುದು ಬರುವುದಿಲ್ಲ. 2018ರಲ್ಲಿ ಬೇರೊಂದು ಸಂಸ್ಥೆಯು ಜಾವಾ ಹೆಸರಿನಲ್ಲಿ ಗಾಡಿಗಳನ್ನು ಮಾರಲು ತೊಡಗಿದರೂ, ಅವು ನಾಲ್ಕು ಹೊಡೆತದವಾದುದರಿಂದ ಅವುಗಳ ಸಿಲಿಂಡರ್ ಹಳೆಯ ಗಾಡಿಗೆ ಒದಗುವುದಿಲ್ಲ. ಕೊನೆಯ ಅಳತೆಯೂ ಮುಗಿದವರು ಸಿಲಿಂಡರನ್ನು ಚೀಲದಲ್ಲಿ ಹಾಕಿಕೊಂಡು ಲೇತ್ ಅಂಗಡಿಗೆ ಒಯ್ಯುವರು. ಅಲ್ಲಿ ಒಳಗೆ ಕಬ್ಬಿಣದ ಹೊಸ ಕೊಳವೆಯನ್ನು ಒತ್ತಿ ಕೂರಿಸಿ, ಹಳೆಯ ಕಿಂಡಿಗಳಿಗೆ ಸರಿಯಾಗಿ ಅದರಲ್ಲಿ ಕಿಂಡಿಗಳನ್ನು ತೆರೆದು, ವ್ಯಾಸವನ್ನು ಮತ್ತೆ 65 ಮಿಲಿಮೀಟರಿಗೆ ತಂದುಕೊಡುವರು.