ಸೇವಾಕ್ಲಬ್ಬಿನ ವಾರದ ಸಭೆ ಮತ್ತು ಊರ ಕಾವಲು: ಜಕ್ಕೂರು

ಜಕ್ಕೂರು ಬೆಂಗಳೂರಿನ ಉತ್ತರದಲ್ಲಿ, ಬಳ್ಳಾರಿ ರಸ್ತೆಯ ಪೂರ್ವಕ್ಕೆ, ಹೆಬ್ಬಾಳ ಮತ್ತು ಯಲಹಂಕಗಳ ನಡುವೆ ಇರುವ ಹಳೆಯ ಊರು. ಇಂದು ಅದು ನಗರದ ಬಡಾವಣೆ. ರೋಟರಿ, ಲಯನ್ಸ್ ಮೊದಲಾದ ಸೇವಾಕ್ಲಬ್ಬುಗಳು ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಸೇರುವ ಸಭೆಯನ್ನೂ, ಕಳ್ಳತನ, ಸರಗಳ್ಳತನ, ವಂಚನೆಗಳನ್ನು ತಡೆಯಲು ನಿವಾಸಿಗಳು ಪೊಲೀಸರ ಜೊತೆ ಮಾಡುವ ಸಂಬಳವಿಲ್ಲದ ಕೆಲಸವನ್ನೂ ಈ ಲೇಖನ ಒಟ್ಟಿಗೆ ನೋಡುತ್ತದೆ. ಇವೆರಡೂ ಬೇರೆ ಬೇರೆ ಮೂಲದವು. ಆದರೂ ಎರಡರ ಜೀವ ಇರುವುದು ಒಂದೇ ಕಡೆ: ಬರುತ್ತೇನೆಂದು ಒಪ್ಪಿದವನು ಒಪ್ಪಿದ ದಿನ ಬರುತ್ತಾನೋ ಇಲ್ಲವೋ ಎಂಬುದರಲ್ಲಿ.

ನೆಲೆ

ಜಕ್ಕೂರು ಒಂದೇ ಬಗೆಯ ಊರಲ್ಲ. ಕೆರೆಯ ಪಕ್ಕದ ಹಳೆಯ ಊರು, 1940ರ ದಶಕದ ಕೊನೆಗೆ ಆರಂಭವಾದ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ವಿಮಾನ ಮೈದಾನ, 1989ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಅರ್ಕಾವತಿ ಬಡಾವಣೆಯ ನಿವೇಶನಗಳು, ಗೇಟು ಹಾಕಿದ ಅಪಾರ್ಟ್‌ಮೆಂಟುಗಳು ಎಲ್ಲವೂ ಒತ್ತೊತ್ತಾಗಿ ಇವೆ. 2007ರಲ್ಲಿ ಬ್ಯಾಟರಾಯನಪುರ ನಗರಸಭೆಯೊಡನೆ ಜಕ್ಕೂರೂ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. ಮರುವರ್ಷ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ಇಕ್ಕೆಲ ಬೇಗಬೇಗ ತುಂಬಿತು.

ಕಾವಲಿನ ದೃಷ್ಟಿಯಿಂದ ಇಂಥ ನೆಲೆಗೆ ತನ್ನದೇ ತೊಡಕುಗಳಿವೆ. ಮನೆ ಎದ್ದ ನಿವೇಶನದ ಪಕ್ಕದಲ್ಲೇ ಪೊದೆ ಬೆಳೆದ ಖಾಲಿ ನಿವೇಶನ ಇರುತ್ತದೆ. ಹಗಲಿಡೀ ಬೀಗ ಬಿದ್ದಿರುವ ಮನೆಗಳು, ನಸುಕಿನಲ್ಲಿ ಕೆರೆ ಏರಿಯ ಮೇಲೆ ನಡೆಯುವ ಹಿರಿಯರು, ಕಟ್ಟಡ ಕೆಲಸಕ್ಕೆ ಬಂದು ಹೋಗುವವರು ಎಲ್ಲರೂ ಒಂದೇ ಬೀದಿಯಲ್ಲಿದ್ದು ಪರಸ್ಪರ ಗುರುತಿಲ್ಲದವರು. ಯಲಹಂಕ, ಅಮೃತಹಳ್ಳಿ, ಸಂಪಿಗೆಹಳ್ಳಿ, ಕೊಡಿಗೇಹಳ್ಳಿ ಠಾಣೆಗಳ ಸರಹದ್ದುಗಳೂ ಈ ಸುತ್ತಿನಲ್ಲಿ ಹತ್ತಿರ ಹತ್ತಿರ ಬರುತ್ತವೆ.

ಹಿಂದಿನ ಕಾವಲು

ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿಟ್ಟಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದು, ಗಂಗ ದೊರೆ ಶ್ರೀಪುರುಷನ ಕಾಲಕ್ಕೆ ಸೇರಿದ್ದು. ತನ್ನ ನಾಡಿನ ಮೇಲೆ ಬಂದ ದಾಳಿಯನ್ನು ಎದುರಿಸಿ ಸತ್ತವನ ನೆನಪು ಅದು. ಊರಿಗಾಗಿ ಸತ್ತವನಿಗೆ ಕಲ್ಲು ನಿಲ್ಲಿಸುವ ರೂಢಿಗೂ ಇಂದಿನ ಬೀದಿ ಕಾವಲಿಗೂ ನೇರ ಗಂಟು ಹಾಕುವುದು ಸರಿಯಲ್ಲ. ಅದು ಸೇನೆಯ ವಿರುದ್ಧದ ಕಾಳಗ, ಇದು ಕಳ್ಳರ ವಿರುದ್ಧದ ಎಚ್ಚರ. ಈ ಸುತ್ತಿನಲ್ಲಿ ಊರ ರಕ್ಷಣೆಯ ಬರಹದ ಸಾಕ್ಷಿ ಎಷ್ಟು ಹಿಂದಕ್ಕೆ ಹೋಗುತ್ತದೆ ಎಂಬುದನ್ನಷ್ಟೇ ಆ ಕಲ್ಲು ತೋರಿಸುತ್ತದೆ.

ನಿಜವಾದ ಪೂರ್ವಜ ತಳವಾರ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಕಮ್ಮಾರ, ಬಡಗಿ, ಅಗಸ ಮೊದಲಾದ ಆಯಗಾರರಿದ್ದರು. ಸುಗ್ಗಿಯಲ್ಲಿ ಕಣದಿಂದ ಇವರಿಗೆ ಆಯದ ಕಾಳು ಸಲ್ಲುತ್ತಿತ್ತು. ಹಲವರಿಗೆ ಇನಾಂ ಜಮೀನೂ ಇತ್ತು. ರಾತ್ರಿ ಗಸ್ತು, ಊರಿಗೆ ಬಂದ ಹೊಸಬರ ವಿಚಾರಣೆ, ಕಳುವಿನ ಜಾಡು ಹಿಡಿಯುವುದು ತಳವಾರನ ಪಾಲಿನ ಕೆಲಸ. ತೋಟಿ ಬೆಳೆ ಕಾಯುತ್ತಿದ್ದ, ಓಲೆ ಒಯ್ಯುತ್ತಿದ್ದ, ಗಡಿ ಕಲ್ಲುಗಳ ಗುರುತು ಇಟ್ಟಿರುತ್ತಿದ್ದ. ದಕ್ಷಿಣ ಭಾರತದ ಹಲವೆಡೆ ಈ ಕಾವಲಿಗೆ ಕಟ್ಟುನಿಟ್ಟಾದ ಹೊಣೆಯೂ ಅಂಟಿಕೊಂಡಿತ್ತು. ಕದ್ದ ದನದ ಹೆಜ್ಜೆ ಒಂದು ಊರಿನ ಎಲ್ಲೆಯೊಳಗೆ ಬಂದರೆ ಆ ಊರಿನ ಕಾವಲಿನವನು ಜಾಡನ್ನು ತನ್ನ ಎಲ್ಲೆಯಿಂದ ಆಚೆ ದಾಟಿಸಿ ತೋರಿಸಬೇಕು; ತೋರಿಸಲಾಗದಿದ್ದರೆ ನಷ್ಟ ಕಟ್ಟಿಕೊಡಬೇಕು. ಬೆಂಗಳೂರು ಸೀಮೆಯಲ್ಲಿ ಈ ನಿಯಮ ಎಷ್ಟರ ಮಟ್ಟಿಗೆ ನಡೆಯುತ್ತಿತ್ತೆಂಬುದು ಊರಿಂದೂರಿಗೆ ಬೇರೆಯಾಗಿದ್ದೀತು. ತಳವಾರಿಕೆ ನಿಂತದ್ದು ಮಾತ್ರ ಇಂಥ ಹೊಣೆ ಮತ್ತು ಭೂಮಿಗಳ ಮೇಲೆ. ಅದರ ಕೆಡುಕೂ ಅಲ್ಲೇ ಇತ್ತು. ಈ ಕೆಲಸ ಜಾತಿಗೆ ಕಟ್ಟುಬಿದ್ದಿತ್ತು, ಅಪ್ಪನಿಂದ ಮಗನಿಗೆ ಇಳಿಯುತ್ತಿತ್ತು, ಒಲ್ಲೆ ಎನ್ನುವ ಸ್ವಾತಂತ್ರ್ಯ ಹೆಚ್ಚಿನವರಿಗೆ ಇರಲಿಲ್ಲ.

1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆ ಈ ವಂಶಪಾರಂಪರ್ಯವನ್ನು ಕೊನೆಗಾಣಿಸಿತು. 1963ರ ಫೆಬ್ರವರಿ 1ರಿಂದ ಅದು ಜಾರಿಗೆ ಬಂತು. 1962ರಲ್ಲಿ ಗೃಹರಕ್ಷಕರ ಕಾಯ್ದೆ, 1963ರಲ್ಲಿ ಪೊಲೀಸ್ ಕಾಯ್ದೆ, 1964ರಲ್ಲಿ ಗ್ರಾಮ ರಕ್ಷಣಾ ದಳಗಳ ಕಾಯ್ದೆ ಬಂದವು. ಒಂದರ ಜಾಗ ತುಂಬಲೆಂದೇ ಇನ್ನೊಂದು ಬಂತೆನ್ನುವುದು ಅವಸರದ ಮಾತಾದೀತು. ಆದರೆ ಕಾಲಕ್ರಮವನ್ನು ಕಡೆಗಣಿಸುವಂತಿಲ್ಲ. ನಾಲ್ಕೇ ವರ್ಷಗಳಲ್ಲಿ ಊರ ಕಾವಲು ಹುಟ್ಟಿನಿಂದ ಬರುವ ಹೊಣೆಯಾಗಿದ್ದುದು ಹೋಗಿ, ಸ್ವಂತ ಇಚ್ಛೆಯಿಂದ ಹೆಸರು ಕೊಡುವ ಸೇವೆಯಾಯಿತು. ಹೆಸರು ಕೊಟ್ಟವನನ್ನು ಕೆಲಸಕ್ಕೆ ಕಟ್ಟಿಹಾಕುವುದು ಯಾವುದು ಎಂಬ ಪ್ರಶ್ನೆ ಅಲ್ಲಿಂದ ಹುಟ್ಟಿತು.

ವಾರದ ಸಭೆ

ಆ ಪ್ರಶ್ನೆಗೆ ಸೇವಾಕ್ಲಬ್ಬುಗಳು ಬೇರೆ ದಾರಿಯಲ್ಲಿ ಉತ್ತರ ಕಂಡುಕೊಂಡಿದ್ದವು. 1905ರ ಫೆಬ್ರವರಿ 23ರಂದು ಶಿಕಾಗೋದಲ್ಲಿ ವಕೀಲ ಪಾಲ್ ಹ್ಯಾರಿಸ್ ಮತ್ತು ಮೂವರು ಗೆಳೆಯರು ಸೇರಿದ್ದೇ ರೋಟರಿಯ ಮೊದಲ ಸಭೆ. ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದುದರಿಂದ ಆ ಹೆಸರು. ಭಾರತಕ್ಕೆ ರೋಟರಿ 1919ರಲ್ಲಿ ಕಲ್ಕತ್ತೆಯ ಮೂಲಕ ಬಂತು. ಬೆಂಗಳೂರಿನ ಕ್ಲಬ್ಬು 1934ರದು. 1917ರಲ್ಲಿ ಹುಟ್ಟಿದ ಲಯನ್ಸ್ ಸಂಸ್ಥೆ 1956ರಲ್ಲಿ ಮುಂಬಯಿಗೆ ಬಂತು. ಲಯನ್ಸ್ ಕ್ಲಬ್ಬುಗಳು ಸಾಮಾನ್ಯವಾಗಿ ತಿಂಗಳಿಗೆ ಎರಡು ಸಲ ಸೇರುತ್ತವೆ. ವಾರಕ್ಕೊಮ್ಮೆ ಸೇರುವ ಕಟ್ಟಳೆ ಮುಖ್ಯವಾಗಿ ರೋಟರಿಯದಾಗಿತ್ತು.

ಸಭೆಯ ಕ್ರಮ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಅಧ್ಯಕ್ಷರು ಗಂಟೆ ಬಾರಿಸುತ್ತಾರೆ. ಪ್ರಾರ್ಥನೆ ಅಥವಾ ನಾಡಗೀತೆ ಆಗುತ್ತದೆ, ಕಾರ್ಯದರ್ಶಿ ಪ್ರಕಟಣೆಗಳನ್ನು ಓದುತ್ತಾರೆ, ಹುಟ್ಟುಹಬ್ಬದವರಿಗೆ ಶುಭಾಶಯ ಸಲ್ಲುತ್ತದೆ. ಆಮೇಲೆ ಅತಿಥಿಯ ಮಾತು, ಪ್ರಶ್ನೆ, ಊಟ. ಶಿಸ್ತು ನೋಡಿಕೊಳ್ಳುವುದು ಸಾರ್ಜೆಂಟ್ ಎಂಬ ಪದಾಧಿಕಾರಿಯ ಕೆಲಸ. ಹೊಸ ಪದಾಧಿಕಾರಿಗಳ ವರ್ಷ ಜುಲೈ 1ಕ್ಕೆ ಶುರುವಾಗುವುದರಿಂದ ಆ ತಿಂಗಳೆಲ್ಲ ಪದಗ್ರಹಣಗಳ ಕಾಲ.

ಇದರಲ್ಲಿ ಹೊರಗಿನವರ ಕಣ್ಣಿಗೆ ಬೀಳದ ಭಾಗ ಹಾಜರಿಯ ನಿಯಮ. ಹಳೆಯ ರೋಟರಿ ನಿಯಮದಂತೆ ಸತತ ನಾಲ್ಕು ಸಭೆ ತಪ್ಪಿಸಿದವರ ಸದಸ್ಯತ್ವಕ್ಕೇ ಕುತ್ತು ಬರುತ್ತಿತ್ತು. ತಪ್ಪಿದ್ದನ್ನು ತುಂಬಲು 'ಮೇಕಪ್' ಎಂಬ ದಾರಿ ಇತ್ತು. ಸಭೆಗೆ ಹಿಂದಿನ ಅಥವಾ ಮುಂದಿನ 14 ದಿನಗಳೊಳಗೆ ಬೇರೆ ಯಾವುದಾದರೂ ಕ್ಲಬ್ಬಿನ ಸಭೆಗೆ ಹೋಗಿ ಹಾಜರಿ ಹಾಕಿಸಿಕೊಂಡರೆ ಅದು ಲೆಕ್ಕಕ್ಕೆ ಬರುತ್ತಿತ್ತು. ಕೆಲಸದ ಮೇಲೆ ಮೈಸೂರಿಗೆ ಹೋದ ಬೆಂಗಳೂರಿನ ಸದಸ್ಯ ಅಲ್ಲಿನ ಸಭೆಯಲ್ಲಿ ಕೂತು ಬರುತ್ತಿದ್ದ. ಹೀಗೆ ಒಂದು ಊರಿನ ಸುದ್ದಿ, ಅನುಭವ ಇನ್ನೊಂದು ಊರಿಗೆ ದಾಟುತ್ತಿತ್ತು. 2016ರಲ್ಲಿ ರೋಟರಿಯ ಶಾಸನ ಸಭೆ ಈ ಬಿಗಿಯನ್ನು ಸಡಿಲಿಸಿ, ತಿಂಗಳಿಗೆ ಕನಿಷ್ಠ ಎರಡು ಸಲ ಸೇರಿದರೆ ಸಾಕೆಂದಿತು. ದುಡಿಯುವ ಕಿರಿಯರಿಗೆ ಇದರಿಂದ ಅನುಕೂಲವಾಯಿತು, ನಿಜ. ಆದರೆ ವಾರ ತಪ್ಪದೆ ಒಂದೇ ಮೇಜಿನ ಸುತ್ತ ಕೂತವರ ನಡುವೆ ಬೆಳೆಯುವ ಗುರುತನ್ನು ಸಂದೇಶದ ಗುಂಪುಗಳು ತುಂಬಿಕೊಡಲಾರವು ಎಂಬುದು ಈ ಲೇಖಕನ ಅಭಿಪ್ರಾಯ.

ಠಾಣೆ ಮತ್ತು ನಿವಾಸಿಗಳು

ರೋಟರಿಯ ಏಳು ಆದ್ಯತಾ ಕ್ಷೇತ್ರಗಳಲ್ಲಿ ಅಪರಾಧ ತಡೆ ಪ್ರತ್ಯೇಕವಾಗಿ ಇಲ್ಲ. ಅದು ಸಮುದಾಯ ಸೇವೆಯೊಳಗೆ ಬರುತ್ತದೆ. ಕ್ಲಬ್ಬುಗಳು ಬ್ಯಾರಿಕೇಡು, ಕ್ಯಾಮೆರಾ ಕೊಡುವುದು ಹೆಚ್ಚು ಕಾಣುವ ಸೇವೆ. ಠಾಣೆಯ ಇನ್‌ಸ್ಪೆಕ್ಟರನ್ನು ಸಭೆಗೆ ಕರೆದು ಮಾತಾಡಿಸುವುದು ಅದಕ್ಕಿಂತ ಅಗ್ಗದ್ದು, ಅದಕ್ಕಿಂತ ಬಾಳುವಂಥದ್ದು.

ನಗರದ ಮಟ್ಟದಲ್ಲಿ ಬಹಳ ಮುಖ್ಯವಾದ ಪ್ರಯೋಗ 2013ರದು. ಆಗ ಬೆಂಗಳೂರು ನಗರ ಪೊಲೀಸರು ಜನಾಗ್ರಹ ಸಂಸ್ಥೆಯ ಜೊತೆಗೂಡಿ 'ಏರಿಯಾ ಸುರಕ್ಷಾ ಮಿತ್ರ'ರೆಂಬ ಸ್ವಯಂಸೇವಕರನ್ನು ಕೆಲವು ಠಾಣೆಗಳಲ್ಲಿ ಸಜ್ಜುಗೊಳಿಸಿದರು. ಇವರಿಗೆ ಲಾಠಿಯೂ ಇಲ್ಲ, ಅಧಿಕಾರವೂ ಇಲ್ಲ. ಬೀದಿಯ ಅಹವಾಲನ್ನು ಠಾಣೆಗೂ ಠಾಣೆಯ ಎಚ್ಚರಿಕೆಯನ್ನು ಬೀದಿಗೂ ಮುಟ್ಟಿಸುವುದೇ ಕೆಲಸ. ತಮಿಳುನಾಡಿನ ರಾಮನಾಥಪುರದಲ್ಲಿ 1993ರಲ್ಲಿ ಆರಂಭವಾದ 'ಪೊಲೀಸರ ಸ್ನೇಹಿತರು', ಕೇರಳದ 2008ರ 'ಜನಮೈತ್ರಿ' ಯೋಜನೆಗಳು ಇದರ ಹಿಂದಿನ ಮಾದರಿಗಳು. 2017ರಲ್ಲಿ ಆರ್.ಕೆ. ದತ್ತಾ ರಾಜ್ಯದ ಪೊಲೀಸ್ ಮುಖ್ಯಸ್ಥರಾಗಿದ್ದಾಗ ಬೀಟ್ ವ್ಯವಸ್ಥೆಯನ್ನು ಮರುರೂಪಿಸಲಾಯಿತು. ಒಂದೊಂದು ಬೀಟಿಗೂ ಒಬ್ಬ ಹೊಣೆಗಾರ ಸಿಬ್ಬಂದಿ, ಅವರ ಜೊತೆಗೆ ನಾಗರಿಕ ಸದಸ್ಯರು ಎಂಬುದು ಅದರ ತಿರುಳು. 2025ರ ಜುಲೈನಲ್ಲಿ ಆರಂಭವಾದ 'ಮನೆ ಮನೆಗೆ ಪೊಲೀಸ್' ಇದೇ ದಾರಿಯ ಮುಂದುವರಿಕೆ.

ಕಾನೂನಿನ ಮಿತಿ

ಸ್ವಯಂಸೇವಕನ ಅಧಿಕಾರ ಸಾಮಾನ್ಯ ನಾಗರಿಕನದೇ. ಟೋಪಿ, ಗುರುತಿನ ಚೀಟಿಗಳಿಂದ ಅದು ಹಿಗ್ಗುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮಿನಂತೆ, ತನ್ನ ಕಣ್ಣೆದುರು ಜಾಮೀನಿಲ್ಲದ, ಪೊಲೀಸರು ನೇರ ಕ್ರಮ ಕೈಗೊಳ್ಳಬಹುದಾದ ಅಪರಾಧ ಮಾಡಿದವನನ್ನು ಅಥವಾ ತಲೆಮರೆಸಿಕೊಂಡವನೆಂದು ಘೋಷಿತನಾದವನನ್ನು ಯಾರು ಬೇಕಾದರೂ ಹಿಡಿಯಬಹುದು. ಹಿಡಿದ ಮೇಲೆ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಅನುಮಾನದ ಮೇಲೆ ತಡೆದು ನಿಲ್ಲಿಸುವುದು, ಚೀಲ ತಡಕುವುದು, ಹೊಡೆಯುವುದು ಈ ಕಲಮಿನೊಳಗೆ ಬರುವುದಿಲ್ಲ. ಭಾಷೆ ಬಾರದ ವಲಸೆ ಕಾರ್ಮಿಕನನ್ನು ಕಳ್ಳನೆಂದು ಸುತ್ತುವರಿಯುವ ಗುಂಪು ತಾನೇ ಅಪರಾಧಕ್ಕೆ ಇಳಿದಿರುತ್ತದೆ. ಜಕ್ಕೂರಿನಂಥ, ಕಟ್ಟಡ ಕಾರ್ಮಿಕರು ತುಂಬಿದ ನೆಲೆಯಲ್ಲಿ ಸ್ವಯಂಸೇವಕರಿಗೆ ಮೊದಲು ಕಲಿಸಬೇಕಾದ ಪಾಠ ಇದು.

ಅದೇ ಸಂಹಿತೆಯ 173ನೇ ಕಲಮು ಸರಹದ್ದಿನ ತೊಡಕನ್ನು ಕಳೆದಿದೆ. ಘಟನೆ ಎಲ್ಲಿ ನಡೆದಿದ್ದರೂ ಯಾವ ಠಾಣೆಯಾದರೂ ದೂರು ಪಡೆಯಬೇಕು. ವಿದ್ಯುನ್ಮಾನ ಮಾರ್ಗದಲ್ಲಿ ಕೊಟ್ಟ ದೂರಿಗೆ ದೂರುದಾರರು ಮೂರು ದಿನದೊಳಗೆ ಸಹಿ ಹಾಕಬೇಕು. ಹಲವು ಠಾಣೆಗಳ ನಡುವೆ ಇರುವ ಜಕ್ಕೂರಿನವರು ಇದನ್ನು ತಿಳಿದಿರುವುದು ಒಳ್ಳೆಯದು.

ತುರ್ತು ಕರೆ 112ಕ್ಕೆ ಹೋದರೆ ನಗರದಲ್ಲಿ 'ಹೊಯ್ಸಳ' ಗಸ್ತು ವಾಹನ ಬರುತ್ತದೆ. ಫೋನಿನ ಮೂಲಕ ಹಣ ಕಳೆದುಕೊಂಡವರು ಕರೆ ಮಾಡಬೇಕಾದ ಸಂಖ್ಯೆ 1930. ಹಣ ಖಾತೆಯಿಂದ ಖಾತೆಗೆ ದಾಟಿಹೋಗುವ ಮುನ್ನ, ಮೊದಲ ಗಂಟೆಯೊಳಗೇ ಕರೆ ಮಾಡಿರಿ.